ಪ್ರಶ್ನೆ ಕೇಳುವ ದಿನಚರಿ

ವರ್ಷಾರಂಭದಲ್ಲಿ ಬ್ಯಾಂಕಿನವರೋ ವಿಮಾ ಕಚೇರಿಯವರೋ ಕೊಟ್ಟ ಡೈರಿಯೊಂದು ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಇದ್ದೇ ಇರುತ್ತದೆ. ಅದರ ಮೊದಲ ಪುಟಗಳನ್ನು ತಿರುವಿದರೆ, ಇನ್ನು ಮುಂದೆ ಬೆಳಗಿನ ಐದಕ್ಕೆ ಏಳತಕ್ಕದ್ದೆಂದೂ, ಕೋಪವನ್ನು ಬಿಡತಕ್ಕದ್ದೆಂದೂ, ದಿನವೂ ತಪ್ಪದೆ ಆತ್ಮಪರೀಕ್ಷೆ ಮಾಡಿಕೊಳ್ಳತಕ್ಕದ್ದೆಂದೂ ಮನೆಯ ಯಜಮಾನರು ಮುತ್ತು ಪೋಣಿಸಿದಂತಹ ಅಕ್ಷರಗಳಲ್ಲಿ ಬರೆದಿರುವುದು ಕಾಣುತ್ತದೆ. 4ನೆಯ ತಾರೀಖಿನ ಹೊತ್ತಿಗೆ ಬರೆಹ ಅರ್ಧ ಪುಟಕ್ಕೆ ಇಳಿದಿರುತ್ತದೆ. 9ರಂದು ಎರಡೇ ಸಾಲು. ಅಲ್ಲಿಂದ ಕೆಲವು ಪುಟಗಳ ಮೌನ. ತರುವಾಯ ಸಂಕ್ರಾಂತಿಯ ದಿನ, ಬೇರೊಂದು ಕೈಯ ಅಕ್ಷರದಲ್ಲಿ, ‘ಹಾಲು 1 ಲೀಟರು, ಹಬ್ಬಕ್ಕೆ ಅರ್ಧ ಹೆಚ್ಚು.’

ಆ ಇನ್ನೊಂದು ಕೈ ಮನೆಯಾಕೆಯದು. ಅಲ್ಲಿಂದ ಡಿಸೆಂಬರಿನ ಕೊನೆಯವರೆಗೆ ಆಕೆಯ ಲೆಕ್ಕ ಒಂದು ದಿನವೂ ನಿಂತಿರುವುದಿಲ್ಲ. ‘ಇಂದು ಬರಲಿಲ್ಲ’, ‘ಅರ್ಧ ಲೀಟರು’, ‘ಒಡೆದುಹೋಯಿತು, ಹೇಳಬೇಕು’ ಎಂದು ನಡೆದೇ ನಡೆದಿರುತ್ತದೆ. ಒಂದೇ ಪುಸ್ತಕದಲ್ಲಿ ಒಂದು ಬರೆಹ ಒಂಬತ್ತು ದಿನಕ್ಕೆ ಬತ್ತಿ, ಇನ್ನೊಂದು ವರ್ಷವೆಲ್ಲ ಹರಿದುದು ಏಕೆ? ಬರೆದವರ ಸಂಕಲ್ಪದಲ್ಲಿ ಕೊರತೆಯಿತ್ತೆಂದು ನನಗೆ ತೋರುವುದಿಲ್ಲ. ಹಾಲಿನ ಲೆಕ್ಕಕ್ಕೆ ದಿನವೂ ಎದುರುನಿಂತು ಕೇಳುವ ಒಂದು ಪ್ರಶ್ನೆಯಿತ್ತು: ಇಂದು ಎಷ್ಟು ಬಂತು? ಆತ್ಮಪರೀಕ್ಷೆಗೆ ಅಂತಹ ಪ್ರಶ್ನೆಯೇ ಇರಲಿಲ್ಲ.

ಈ ಕೊರತೆಯನ್ನು ತುಂಬುವುದಕ್ಕಾಗಿ ಬಂದಿರುವ ಒಂದು ಬಗೆಯ ಪುಸ್ತಕವು ಈಚಿನ ವರ್ಷಗಳಲ್ಲಿ ನಗರದ ಅಂಗಡಿಗಳಲ್ಲಿ ಧಾರಾಳವಾಗಿ ದೊರೆಯುತ್ತಿದೆ. ‘ಗೈಡೆಡ್ ಜರ್ನಲ್’ ಎಂದು ಅದಕ್ಕೆ ಹೆಸರು. ಪುಟದ ತಲೆಯಲ್ಲಿ ಒಂದು ಪ್ರಶ್ನೆ ಅಚ್ಚಾಗಿರುತ್ತದೆ; ಅದರ ಕೆಳಗೆ ಉತ್ತರಕ್ಕೆಂದು ಕೆಲವು ಗೆರೆಗಳು. ಇದನ್ನು ಉಡುಗೊರೆಯಾಗಿ ಪಡೆದವರು ಅನೇಕರು. ಹೇಗೆ ಬಳಸಬೇಕು, ಇದರಿಂದ ಆಗುವುದೇನು ಎಂಬುದನ್ನು ಬಲ್ಲವರು ಕಡಿಮೆ. ವಸ್ತು ಹೊಸದಾಗಿ ಕಂಡರೂ ಉಪಾಯವು ಎರಡು ಸಾವಿರ ವರ್ಷಗಳಷ್ಟು ಹಳೆಯದು.

ಖಾಲಿ ಪುಟದ ಮುಂದೆ

ಕಚೇರಿಯಲ್ಲಿ ಸಹೋದ್ಯೋಗಿಯೊಡನೆ ಜಗಳವಾಡಿ ಬಂದವನೊಬ್ಬನು ರಾತ್ರಿ ಖಾಲಿ ಪುಟದ ಮುಂದೆ ಕುಳಿತನೆಂದು ಇಟ್ಟುಕೊಳ್ಳೋಣ. ಆತನು ಪ್ರಾಯಶಃ ಹೀಗೆ ಬರೆದಾನು: ‘ಇಂದು ಮನಸ್ಸು ಸರಿಯಿಲ್ಲ. ಎಷ್ಟು ಮಾಡಿದರೂ ಜನ ಅರ್ಥಮಾಡಿಕೊಳ್ಳುವುದಿಲ್ಲ.’ ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ದಿನ ನಡೆದದ್ದು ಕೂಡ ಇದರಲ್ಲಿಲ್ಲ. ತನ್ನಷ್ಟಕ್ಕೆ ಬಿಟ್ಟ ಮನಸ್ಸು ತನ್ನ ಪರವಾದ ವಕೀಲನಂತೆ ಮಾತನಾಡುತ್ತದೆ. ತನಗೆ ಅನುಕೂಲವಾದ ಕಡೆಯಿಂದ ಆರಂಭಿಸಿ, ಪ್ರತಿಕೂಲವಾದ ಕಡೆ ಬರುವ ಮೊದಲೇ ಮುಗಿಸಿಬಿಡುತ್ತದೆ.

ಅದೇ ಪುಟದ ಮೇಲೆ ಬೇರೊಬ್ಬರು ಬರೆದ ಪ್ರಶ್ನೆಯೊಂದು ಇದ್ದಿತೆನ್ನಿ: ‘ಇಂದು ನೀವು ಆಡಿದ ಒಂದು ಕಟುವಾದ ಮಾತನ್ನು ಆಡಿದಂತೆಯೇ ಬರೆಯಿರಿ. ಅದಕ್ಕೆ ಒಂದು ನಿಮಿಷ ಮೊದಲು ಏನು ನಡೆದಿತ್ತು?’ ಈಗ ವಕೀಲನಿಗೆ ಅವಕಾಶ ಕಿರಿದಾಯಿತು. ‘ಆಡಿದಂತೆಯೇ’ ಎಂಬ ಒಂದು ಪದವು ವಿಶೇಷಣಗಳನ್ನೆಲ್ಲ ಹೊರಗಟ್ಟಿ ಸಾಕ್ಷ್ಯವನ್ನು ಕೇಳುತ್ತದೆ. ಪ್ರಶ್ನೆಯ ದಿನಚರಿಯ ಸತ್ತ್ವವೆಲ್ಲ ಇಷ್ಟರಲ್ಲಿಯೇ ಅಡಗಿದೆಯೆಂದು ನಾನು ನಂಬಿದ್ದೇನೆ: ತೀರ್ಪಿಗಿಂತ ಮೊದಲು ನಡೆದದ್ದನ್ನು ಬರೆಯಿಸುವುದು, ನಾವಾಗಿ ಹೋಗದ ಕೋಣೆಯ ಬಾಗಿಲನ್ನು ಇನ್ನೊಬ್ಬರ ಕೈಯಿಂದ ತೆರೆಯಿಸುವುದು.

ದೀಪ ತೆಗೆದ ಮೇಲಿನ ವಿಚಾರಣೆ

ಕ್ರಿಸ್ತಶಕ ಮೊದಲನೆಯ ಶತಮಾನದ ರೋಮಿನ ತತ್ತ್ವಜ್ಞ ಸೆನೆಕನು ಕೋಪವನ್ನು ಕುರಿತು ಬರೆದ ಗ್ರಂಥದಲ್ಲಿ ತನ್ನ ರಾತ್ರಿಯ ಅಭ್ಯಾಸವೊಂದನ್ನು ಹೇಳಿಕೊಂಡಿದ್ದಾನೆ. ಸೆಕ್ಸ್ತಿಯಸ್ ಎಂಬ ಹಿರಿಯನು ಮಲಗುವ ಮುನ್ನ ತನ್ನನ್ನು ತಾನೇ ಮೂರು ಪ್ರಶ್ನೆ ಕೇಳಿಕೊಳ್ಳುತ್ತಿದ್ದನಂತೆ: ಇಂದು ನಿನ್ನ ಯಾವ ಕೆಟ್ಟ ಅಭ್ಯಾಸವನ್ನು ವಾಸಿಮಾಡಿಕೊಂಡೆ, ಯಾವ ದೋಷವನ್ನು ಎದುರಿಸಿ ನಿಂತೆ, ಯಾವ ವಿಷಯದಲ್ಲಿ ನಿನ್ನೆಗಿಂತ ಉತ್ತಮನಾದೆ ಎಂದು. ಸೆನೆಕನು ಅದನ್ನೇ ಅನುಸರಿಸುತ್ತಾನೆ. ಕೋಣೆಯಿಂದ ದೀಪವನ್ನು ಒಯ್ದ ಮೇಲೆ, ಆತನ ಪದ್ಧತಿಯನ್ನು ಬಲ್ಲ ಮಡದಿ ಮೌನವಾದ ಮೇಲೆ, ಇಡೀ ದಿನವನ್ನು ತನ್ನ ಮುಂದೆ ತಂದು ನಿಲ್ಲಿಸಿಕೊಳ್ಳುತ್ತಾನೆ. ಆತನು ಕೊಡುವ ಉದಾಹರಣೆಗಳು ಎಷ್ಟು ಸಣ್ಣವೆಂದರೆ, ಅವೇ ಅವುಗಳ ಸತ್ಯಕ್ಕೆ ಸಾಕ್ಷಿ. ಒಬ್ಬನಿಗೆ ಬುದ್ಧಿ ಹೇಳುವಾಗ ಮಾತು ಅಗತ್ಯಕ್ಕಿಂತ ಹೆಚ್ಚು ನಿಷ್ಠುರವಾಯಿತು, ಆತನು ತಿದ್ದಿಕೊಳ್ಳಲಿಲ್ಲ, ನೊಂದುಕೊಂಡನು ಎಂಬಂತಹವು. ಪ್ರಾಣಹತ್ಯೆ ರಾಜದ್ರೋಹಗಳ ಕಾಲದಲ್ಲಿ ಬಾಳಿದ ಮನುಷ್ಯನೊಬ್ಬನು ರಾತ್ರಿಯ ಕತ್ತಲಲ್ಲಿ ಇಂತಹ ಒಂದು ಮಾತಿಗಾಗಿ ತನ್ನನ್ನು ತಾನೇ ತಡೆದು ನಿಲ್ಲಿಸಿದನಲ್ಲ!

ನಮ್ಮ ನಾಡಿನಲ್ಲಿ ಬಹು ಹಿಂದಿನಿಂದ ನೆಲೆಸಿರುವ ಜೈನಧರ್ಮದಲ್ಲಿ ಇದಕ್ಕಿಂತಲೂ ಕ್ರಮಬದ್ಧವಾದ ವಿಧಾನವುಂಟು. ಅದು ಪ್ರತಿಕ್ರಮಣ, ಗೆರೆ ದಾಟಿ ಹೋದವನು ಹಿಂದಕ್ಕೆ ಬರುವುದೆಂದು ಆ ಪದದ ಭಾವ. ಹಗಲಿನ ದೋಷಗಳಿಗೆ ಸಂಜೆ, ಇರುಳಿನ ದೋಷಗಳಿಗೆ ಬೆಳಗ್ಗೆ, ಅದಲ್ಲದೆ ಪಕ್ಷಕ್ಕೊಮ್ಮೆ, ನಾಲ್ಕು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಇದನ್ನು ಆಚರಿಸುತ್ತಾರೆ. ಸಾಧಕನು ‘ನಾನು ಪಾಪಿ’ ಎಂದು ಸಾರಾಸಗಟಾಗಿ ಒಪ್ಪಿಕೊಂಡು ಮುಗಿಸುವಂತಿಲ್ಲ. ಈರ್ಯಾಪಥದ ಪಾಠವು, ಅಂದರೆ ದಾರಿಯಲ್ಲಿ ನಡೆದುಹೋದದ್ದನ್ನು ಕುರಿತ ಪಾಠವು, ಹೋಗುವಾಗ ಬರುವಾಗ ಬೀಜವನ್ನು ತುಳಿದೆನೋ, ಹಸುರನ್ನು ತುಳಿದೆನೋ, ಇಬ್ಬನಿಯನ್ನು, ಇರುವೆಯ ಗೂಡನ್ನು, ಪಾಚಿಯನ್ನು, ಒದ್ದೆ ಮಣ್ಣನ್ನು, ಜೇಡನ ಬಲೆಯನ್ನು ತುಳಿದೆನೋ ಎಂದು ಒಂದೊಂದನ್ನೂ ಹೆಸರಿಸುತ್ತ ಹೋಗುತ್ತದೆ.

ಈ ಪಟ್ಟಿಯನ್ನು ಮೊದಲ ಬಾರಿ ತಿಳಿದಾಗ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಅಹಿಂಸೆಯನ್ನು ಕುರಿತು ನಾನು ಓದಿದ ಉಪನ್ಯಾಸಗಳಾವುವೂ ಮಾಡದಿದ್ದುದನ್ನು ಆ ಇಬ್ಬನಿ ಎಂಬ ಒಂದು ಶಬ್ದ ಮಾಡಿತು. ಆ ಬೆಳಗ್ಗೆ ಹುಲ್ಲಿನ ಮೇಲೆ ನಡೆದ ನನ್ನ ಕಾಲು ನೆನಪಿಗೆ ಬಂತು. ಒಳ್ಳೆಯ ಪ್ರಶ್ನೆಯ ಲಕ್ಷಣ ಇದು. ಅದು ಸದ್ಗುಣದ ಹೆಸರನ್ನು ಹೇಳದೆ ಕಾಲಿಟ್ಟ ಜಾಗವನ್ನು ಕೇಳುತ್ತದೆ.

ಕೆಂಪು ಗೆರೆ, ಕಪ್ಪು ಚುಕ್ಕೆ

ಆತ್ಮಶೋಧನೆಯನ್ನು ಕಾಗದದ ಮೇಲಿನ ಲೆಕ್ಕವನ್ನಾಗಿ ಮಾಡಿದವರಲ್ಲಿ ಯೇಸುಸಭೆಯನ್ನು ಸ್ಥಾಪಿಸಿದ ಇಗ್ನೇಷಿಯಸ್ ಲೊಯೋಲ ಪ್ರಮುಖನು. 1548ರಲ್ಲಿ ಅಚ್ಚಾದ ಆತನ ಸಾಧನಾಗ್ರಂಥದಲ್ಲಿ ವಾರದ ಏಳು ದಿನಗಳಿಗೂ ಗೆರೆಗಳ ನಕ್ಷೆಯೊಂದಿದೆ. ಸಾಧಕನು ತಾನು ಬಿಡಬೇಕೆಂದಿರುವ ಒಂದೇ ಒಂದು ದೋಷವನ್ನು ಆರಿಸಿಕೊಂಡು, ಮಧ್ಯಾಹ್ನ ಒಮ್ಮೆ ರಾತ್ರಿ ಒಮ್ಮೆ, ಎಡವಿದ ಸಲಕ್ಕೊಂದರಂತೆ ಚುಕ್ಕೆಯಿಡಬೇಕು. ಬಳಿಕ ದಿನವನ್ನು ದಿನಕ್ಕೆ, ವಾರವನ್ನು ವಾರಕ್ಕೆ ಹೋಲಿಸಬೇಕು.

ಬೆಂಜಮಿನ್ ಫ್ರಾಂಕ್ಲಿನನ ಪುಸ್ತಕ ಇನ್ನೂ ಪ್ರಸಿದ್ಧವಾದುದು. ಫಿಲಡೆಲ್ಫಿಯದಲ್ಲಿ ಮುದ್ರಕನಾಗಿದ್ದ ಯೌವನದಲ್ಲಿ ಆತನು 12 ಸದ್ಗುಣಗಳ ಪಟ್ಟಿ ಮಾಡಿದನು. ಕ್ವೇಕರ್ ಪಂಥದ ಸ್ನೇಹಿತನೊಬ್ಬನು, ಜನರು ನಿನ್ನನ್ನು ಗರ್ವಿಯೆಂದು ಎಣಿಸುತ್ತಾರೆಂದು ನಿದರ್ಶನಗಳೊಡನೆ ತಿಳಿಸಿದ ಮೇಲೆ ಹದಿಮೂರನೆಯದಾಗಿ ವಿನಯವನ್ನು ಸೇರಿಸಿದನು. ಹೊರಗಿನವನ ಕಣ್ಣಿಗೆ ಬೀಳುವವರೆಗೆ ತನ್ನ ಪಟ್ಟಿಯಲ್ಲಿ ಏನು ಬಿಟ್ಟುಹೋಗಿದೆಯೆಂಬುದು ಅಷ್ಟು ಚತುರನಾದ ಮನುಷ್ಯನಿಗೂ ತೋಚಿರಲಿಲ್ಲ! ಕೆಂಪು ಶಾಯಿಯಲ್ಲಿ ಗೆರೆಯೆಳೆದ ಪುಟ; ವಾರದ ದಿನಗಳಿಗೆ 7 ಕಲಮು, ಗುಣಗಳಿಗೆ 13 ಸಾಲು; ತಪ್ಪಿದಲ್ಲಿ ಕಪ್ಪು ಚುಕ್ಕೆ. ವಾರಕ್ಕೆ ಒಂದು ಗುಣದ ಮೇಲೆ ವಿಶೇಷ ಲಕ್ಷ್ಯವಿಟ್ಟು, 13 ವಾರಗಳಲ್ಲಿ ಒಂದು ಸುತ್ತು, ವರ್ಷಕ್ಕೆ 4 ಸುತ್ತು. ಬೆಳಗ್ಗೆ ‘ಇಂದು ಯಾವ ಒಳಿತನ್ನು ಮಾಡಲಿ’, ಸಂಜೆ ‘ಯಾವ ಒಳಿತನ್ನು ಮಾಡಿದೆ’ ಎಂಬ ಎರಡು ಪ್ರಶ್ನೆಗಳೂ ಆತನ ದಿನದ ಕ್ರಮದಲ್ಲಿ ಸೇರಿದ್ದುವು.

ತಾನು ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚು ದೋಷಗಳು ತನ್ನಲ್ಲಿರುವುದನ್ನು ಕಂಡು ಆತನಿಗೆ ಆಶ್ಚರ್ಯವಾಯಿತು. ಹೊಸ ಸುತ್ತಿಗಾಗಿ ಹಳೆಯ ಚುಕ್ಕೆಗಳನ್ನು ಕೆರೆದು ಕೆರೆದು ಕಾಗದ ತೂತಾದಾಗ, ದಂತದ ಹಾಳೆಗಳ ಮೇಲೆ ಗೆರೆ ಬರೆದುಕೊಂಡು, ಸೀಸದ ಕಡ್ಡಿಯಿಂದ ಗುರುತು ಮಾಡಿ, ಒದ್ದೆ ಸ್ಪಂಜಿನಿಂದ ಒರೆಸುತ್ತಿದ್ದನು. ತೂತುಬಿದ್ದ ಆ ಕಾಗದ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಯುವಕನೊಬ್ಬನು ಅದೇ ತಪ್ಪನ್ನು ಅದೇ ಜಾಗದಲ್ಲಿ ಮತ್ತೆ ಮತ್ತೆ ಗುರುತಿಸಿ, ಒರೆಸಿ, ಪುನಃ ಗುರುತಿಸಿದ ಸಾಕ್ಷಿ ಅದು. ಸುವ್ಯವಸ್ಥೆಯೆಂಬ ಗುಣವು ಆತನಿಗೆ ಕೊನೆಯವರೆಗೂ ಕೈವಶವಾಗಲಿಲ್ಲ. ಅದನ್ನೂ ಆತನು ಮುಚ್ಚಿಡಲಿಲ್ಲ.

ಹೃಷೀಕೇಶದಲ್ಲಿ 1936ರಲ್ಲಿ ದಿವ್ಯ ಜೀವನ ಸಂಘವನ್ನು ಸ್ಥಾಪಿಸಿದ ಸ್ವಾಮಿ ಶಿವಾನಂದರು ಸಾಧಕರಿಗಾಗಿ ರೂಪಿಸಿದ ಆಧ್ಯಾತ್ಮಿಕ ದಿನಚರಿಯೂ ಇದೇ ಜಾತಿಯದು. ಎಷ್ಟು ಹೊತ್ತಿಗೆ ಎದ್ದಿರಿ, ಎಷ್ಟು ಮಾಲೆ ಜಪವಾಯಿತು, ಎಷ್ಟು ಸಲ ಸುಳ್ಳಾಡಿದಿರಿ, ಎಷ್ಟು ಸಲ ಸಿಟ್ಟು ಮಾಡಿದಿರಿ, ಅದಕ್ಕೆ ಯಾವ ಶಿಕ್ಷೆಯನ್ನು ವಿಧಿಸಿಕೊಂಡಿರಿ ಎಂದು ಅದು ಸಂಖ್ಯೆಯನ್ನು ಕೇಳುತ್ತದೆ. ‘ನೀವು ಸತ್ಯವಂತರೆ?’ ಎಂದು ಕೇಳಿದರೆ ಯಾರೂ ಅಲ್ಲವೆನ್ನುವುದಿಲ್ಲ. ‘ಇಂದು ಎಷ್ಟು ಸುಳ್ಳು?’ ಎಂದು ಕೇಳಿದರೆ ಎಣಿಸಬೇಕಾಗುತ್ತದೆ. ಹಾಲಿನ ಲೆಕ್ಕದ ಹಾದಿಯೂ ಇದೇ.

ನಾಲ್ಕು ದಿನ, ಹದಿನೈದು ನಿಮಿಷ

ಆದರೆ ಎಣಿಕೆ ಮುಟ್ಟಲಾರದ ನೋವುಗಳುಂಟು. ತಾಯಿಯ ಕೊನೆಯ ದಿನಗಳಲ್ಲಿ ಹತ್ತಿರವಿರದ ಮಗನಿಗೆ ಯಾವ ಕಲಮಿನಲ್ಲಿ ಚುಕ್ಕೆಯಿಡಲು ಹೇಳೋಣ? ಅಂತಹ ವಿಷಯಗಳು ಕಥನವನ್ನು ಬೇಡುತ್ತವೆ. ಈ ಬಗೆಯ ಬರೆಹವನ್ನು ಪ್ರಯೋಗಕ್ಕೆ ಒಡ್ಡಿದವರು ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್. ಅವರೂ ಸಾಂಡ್ರಾ ಬೀಲ್ ಅವರೂ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 46 ವಿದ್ಯಾರ್ಥಿಗಳು ನಾಲ್ಕು ದಿನ ಎಡೆಬಿಡದೆ, ದಿನಕ್ಕೆ 15 ನಿಮಿಷದಂತೆ ಬರೆದರು. ಕೆಲವರು ಅಲ್ಪ ವಿಷಯಗಳನ್ನು, ಕೆಲವರು ತಮ್ಮ ಬಾಳಿನ ದಾರುಣ ಘಟನೆಯ ಸಂಗತಿಗಳನ್ನು ಮಾತ್ರ, ಕೆಲವರು ಅದರ ಭಾವನೆಗಳನ್ನು ಮಾತ್ರ, ಕೆಲವರು ಎರಡನ್ನೂ ಕೂಡಿಸಿ ಬರೆದರು. ಸಂಗತಿಯನ್ನೂ ಭಾವನೆಯನ್ನೂ ಜೊತೆಯಾಗಿ ಬರೆದವರು ಮುಂದಿನ ಆರು ತಿಂಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆಯಾಗಿತ್ತು.

ಬರೆದೊಡನೆ ಅವರಿಗೆ ಹಗುರವೆನಿಸಲಿಲ್ಲ, ಮನಸ್ಸು ಇನ್ನಷ್ಟು ಕುಗ್ಗಿತ್ತು ಎಂಬುದನ್ನು ಇಲ್ಲಿಯೇ ಹೇಳಬೇಕು. ಮೊದಲ ರಾತ್ರಿಯೇ ಶಾಂತಿಯನ್ನು ಬಯಸಿ ಪುಸ್ತಕ ಕೊಂಡವರು ಮೂರನೆಯ ರಾತ್ರಿ ಅದನ್ನು ಮುಚ್ಚಿಡುವುದು ಇದರಿಂದಲೇ. ಮುಂದೆ ನಡೆದ ಅನೇಕ ಅಧ್ಯಯನಗಳಲ್ಲಿ ಈ ಪ್ರಯೋಜನವು ಸಾಧಾರಣ ಪ್ರಮಾಣದ್ದೆಂದೂ, ಎಲ್ಲರಿಗೂ ಸಮನಾಗಿ ಒದಗುವುದಿಲ್ಲವೆಂದೂ ಕಂಡುಬಂದಿತು. ಪೆನ್ನೆಬೇಕರರ ತಂಡವು ಬರೆಹಗಳ ಪದಗಳನ್ನು ಪರಿಶೀಲಿಸಿದಾಗ ತಿಳಿದ ಸಂಗತಿಯೊಂದು ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ತೋರುತ್ತದೆ. ದಿನದಿಂದ ದಿನಕ್ಕೆ ಯಾರ ಬರೆಹದಲ್ಲಿ ‘ಏಕೆಂದರೆ’, ‘ಈಗ ತಿಳಿಯಿತು’ ಎಂಬ ಬಗೆಯ ಮಾತುಗಳು ಹೆಚ್ಚುತ್ತ ಬಂದುವೋ ಅವರೇ ಹೆಚ್ಚು ಚೇತರಿಸಿಕೊಂಡವರು. ಅದೇ ದುಃಖವನ್ನು ಅದೇ ಮಾತುಗಳಲ್ಲಿ ಸುತ್ತಿಸುತ್ತಿ ಬರೆಯುವುದು ಗಾಯವನ್ನು ಕೆರೆದಂತೆ.

ಒಂದು ವಿಷಯವನ್ನು ಮುಟ್ಟಿದರೆ ತಾಳಲಾರೆನೆಂದು ತೋರಿದಲ್ಲಿ ಅದನ್ನು ಬಿಟ್ಟು ಬೇರೆಯದನ್ನು ಬರೆಯಿರಿ ಎಂಬುದು ಪೆನ್ನೆಬೇಕರರದೇ ಸಲಹೆ. ಹೊಸ ಸಾವಿನ ಮನೆಯಲ್ಲಿ, ತೀವ್ರವಾದ ಖಿನ್ನತೆಯಲ್ಲಿ, ಪುಸ್ತಕಕ್ಕಿಂತ ಹತ್ತಿರದ ಮನುಷ್ಯನೂ ವೈದ್ಯನೂ ಮುಖ್ಯ.

ಬೂಟಿನೊಳಗಿನ ಪುಸ್ತಕ

ಯಾರು ಓದುತ್ತಾರೆ ಎಂಬ ಪ್ರಶ್ನೆ ಪ್ರಾಮಾಣಿಕತೆಯ ಬೇರಿಗೇ ತಗಲುವಂತಹುದು. ಇದರ ನೋವನ್ನು ಲಿಯೊ ಟಾಲ್‌ಸ್ಟಾಯ್‌ಗಿಂತ ಹೆಚ್ಚಾಗಿ ಉಂಡವರು ವಿರಳ. ಯೌವನದಲ್ಲಿ ಆತನು ಫ್ರಾಂಕ್ಲಿನನನ್ನು ಅನುಸರಿಸಿ ತನ್ನ ದೌರ್ಬಲ್ಯಗಳ ಲೆಕ್ಕವಿಡುತ್ತಿದ್ದನು. 1862ರಲ್ಲಿ ಮದುವೆಗೆ ಮುನ್ನ, ತನ್ನ ವಿಷಯದಲ್ಲಿ ಏನನ್ನೂ ಮರೆಮಾಚಬಾರದೆಂದು, ತನ್ನ ಹಿಂದಿನ ನಡತೆಯನ್ನೆಲ್ಲ ಬರೆದಿದ್ದ ದಿನಚರಿಗಳನ್ನು ವಧುವಿನ ಕೈಗೆ ಕೊಟ್ಟನು. ಆತನಿಗೆ 34, ಸೋಫಿಯಳಿಗೆ 18. ಆ ಓದಿನ ನೋವು ಆಕೆಯನ್ನು ಬಾಳೆಲ್ಲ ಬಿಡಲಿಲ್ಲ. 1910ರ ಬೇಸಗೆಯಲ್ಲಿ ಆ ವೃದ್ಧನು ತನಗೊಬ್ಬನಿಗೇ ಎಂದು ಒಂದು ಸಣ್ಣ ದಿನಚರಿಯನ್ನು ಆರಂಭಿಸಿ ಬೂಟಿನೊಳಗೆ ಅಡಗಿಸಿಟ್ಟನು. ಆಕೆ ಅದನ್ನೂ ಕಂಡುಕೊಂಡಳು. ಆ ವರ್ಷವೇ ಮನೆ ಬಿಟ್ಟು ಹೊರಟ ಆತನು ನವೆಂಬರಿನಲ್ಲಿ ಅಸ್ತಾಪೊವೊ ರೈಲು ನಿಲ್ದಾಣದಲ್ಲಿ ತೀರಿಕೊಂಡನು.

ತನ್ನ ಸತ್ಯವನ್ನು ಇನ್ನೊಬ್ಬರ ಮಡಿಲಿಗೆ ಸುರಿಯುವುದು ಬೇರೆ, ತಾನು ಕಾಣುವುದು ಬೇರೆ. ಒಂದೇ ಕೋಣೆಯಲ್ಲಿ ಐದಾರು ಜನ ಮಲಗುವ ನಮ್ಮ ಮನೆಗಳಲ್ಲಿ, ಮಗಳ ನೋಟುಪುಸ್ತಕವನ್ನು ತಾಯಿ ತೆರೆದು ನೋಡುವುದು ಸಹಜವೆಂದು ಬಗೆಯುವ ನಮ್ಮ ಸಂಸಾರಗಳಲ್ಲಿ, ಬೀಗದ ಪೆಟ್ಟಿಗೆಯೊಂದು ಶೋಕಿಯ ವಸ್ತುವಲ್ಲ. ಇನ್ನೊಬ್ಬರು ಓದಿಯಾರೆಂಬ ಶಂಕೆ ಬಂದ ಕ್ಷಣದಿಂದ ಕೈ ತಿದ್ದಿ ಬರೆಯುತ್ತದೆ. ಪೆಟ್ಟಿಗೆಯಿಲ್ಲದವರು ಬರೆದ ಹಾಳೆಯನ್ನು ಹರಿದು ಬಚ್ಚಲ ಒಲೆಗೆ ಹಾಕಬಹುದು. ಬರೆಯುವಾಗ ಕಂಡದ್ದು ಹಾಳೆಯೊಡನೆ ಸುಟ್ಟುಹೋಗುವುದಿಲ್ಲ.

‘ನಾನು’ ಎಂಬಲ್ಲಿ ‘ನೀನು’

ಡಾನ್ಯೂಬ್ ನದಿಯ ಗಡಿಯ ದಂಡಿನಲ್ಲಿದ್ದ ರೋಮನ್ ಚಕ್ರವರ್ತಿ ಮಾರ್ಕಸ್ ಆರೀಲಿಯಸ್ ತನಗಾಗಿ ಬರೆದುಕೊಂಡ ಟಿಪ್ಪಣಿಗಳಲ್ಲಿ ತನ್ನನ್ನು ‘ನೀನು’ ಎಂದು ಕರೆದುಕೊಳ್ಳುತ್ತಾನೆ. ಕನ್ನಡಿಗರಿಗೆ ಇದು ಅಪರಿಚಿತವಲ್ಲ. 1943ರಲ್ಲಿ ಪ್ರಕಟವಾದ ‘ಮಂಕುತಿಮ್ಮನ ಕಗ್ಗ’ದಲ್ಲಿ ಡಿ.ವಿ.ಜಿ. ಪದ್ಯಪದ್ಯದ ಕೊನೆಗೂ ಒಬ್ಬ ತಿಮ್ಮನನ್ನು ಕರೆದು ಮಾತನಾಡಿಸುತ್ತಾರೆ. ಆ ತಿಮ್ಮನು ಬೇರೆ ಯಾರೋ ಎಂದು ಓದುವವನಿಗೆ ಅನ್ನಿಸುವುದಿಲ್ಲ. ಈಥನ್ ಕ್ರಾಸ್, ಓಜ್ಲೆಮ್ ಆಯ್ದುಕ್ ಮೊದಲಾದ ಮನೋವಿಜ್ಞಾನಿಗಳ ಅಧ್ಯಯನಗಳೂ ಇದನ್ನು ಬೆಂಬಲಿಸುತ್ತವೆ: ನೋವಿನ ಪ್ರಸಂಗವನ್ನು ಅದರೊಳಗೆ ಮುಳುಗಿ ನೋಡುವವರಿಗಿಂತ, ತುಸು ದೂರ ನಿಂತು ಬೇರೊಬ್ಬರದೆಂಬಂತೆ ನೋಡುವವರು ಉದ್ವೇಗಕ್ಕೆ ಒಳಗಾಗುವುದು ಕಡಿಮೆ. ಸಿಕ್ಕಿಬಿದ್ದ ರಾತ್ರಿ ಸರ್ವನಾಮವನ್ನು ಬದಲಿಸಿ ನೋಡಿರಿ. ‘ನಾನೇಕೆ ಹೀಗೆ’ ಎಂಬುದು ಗೋಳಾಗುತ್ತದೆ; ‘ನೀನು ಆಗ ಏನು ಮಾಡಿದೆ’ ಎಂಬುದಕ್ಕೆ ಉತ್ತರವಿದೆ.

ಪ್ರಶ್ನೆಯನ್ನು ಆರಿಸುವುದು

ಅಂಗಡಿಯ ಪುಸ್ತಕಗಳೆಲ್ಲ ಒಂದೇ ತೂಕದವಲ್ಲ. ದಿನವೂ ‘ಇಂದು ನೀವು ಕೃತಜ್ಞರಾಗಿರುವ ಮೂರು ಸಂಗತಿಗಳು’ ಎಂದೇ ಕೇಳುವ ಪುಟವನ್ನು ಒಂದು ತಿಂಗಳು ತುಂಬಿದವರು ಆರೋಗ್ಯ, ಕುಟುಂಬ, ಕೆಲಸ ಎಂದು ಕಣ್ಣುಮುಚ್ಚಿ ಬರೆಯತೊಡಗುತ್ತಾರೆ. ಕೃತಜ್ಞತೆ ದೊಡ್ಡ ಗುಣವೇ. ಮಾರ್ಕಸನ ಪುಸ್ತಕದ ಮೊದಲ ಭಾಗವೆಲ್ಲ ಅದಕ್ಕೇ ಮೀಸಲು. ಆದರೆ ಆತನು ಒಬ್ಬೊಬ್ಬರನ್ನೂ ಹೆಸರಿಸಿ, ಇವರಿಂದ ಇಂತಹುದನ್ನು ಕಲಿತೆನೆಂದು ಬಿಡಿಬಿಡಿಯಾಗಿ ಹೇಳುತ್ತಾನೆ. ಪುಸ್ತಕ ಕೊಳ್ಳುವವರು ಎರಡು ಪುಟ ತೆರೆದು ನೋಡಲಿ: ಪ್ರಶ್ನೆಗೆ ಉತ್ತರವಾಗಿ ಒಂದು ಹೊತ್ತು, ಒಂದು ಸ್ಥಳ, ಒಬ್ಬ ಮನುಷ್ಯ, ಒಂದು ಮಾತು ಬರಲೇಬೇಕೋ, ಅಥವಾ ಒಂದು ಒಳ್ಳೆಯ ಪದ ಬರೆದು ಮುಗಿಸಬಹುದೋ? ಮುಗಿಸಬಹುದಾದರೆ ಆ ಪುಸ್ತಕ ಬೇಡ.

ನನ್ನ ಅಕ್ಕನ ಮಗಳು ಹಿಂದಿನ ವರ್ಷ ಇಂತಹದೊಂದನ್ನು ತಂದುಕೊಟ್ಟಳು. ‘ಇಂದು ಯಾರೊಡನೆ ಅಸಹನೆಯಿಂದ ನಡೆದುಕೊಂಡಿರಿ?’ ಎಂಬ ಪ್ರಶ್ನೆಗೆ ನಾನು ಹನ್ನೊಂದು ದಿನ ‘ಯಾರೊಡನೆಯೂ ಇಲ್ಲ’ ಎಂದು ಬರೆದೆ; ಬರೆಯುವಾಗ ಅದು ನಿಜವೆಂದೇ ನಂಬಿದ್ದೆ. ಹನ್ನೆರಡನೆಯ ದಿನ ಪುಟದಲ್ಲಿ ಬೇರೆ ಪ್ರಶ್ನೆ ಬಂತು: ‘ಇಂದು ಯಾರ ಮಾತನ್ನು ನಡುವೆಯೇ ತುಂಡರಿಸಿದಿರಿ? ಅವರು ಏನು ಹೇಳುತ್ತಿದ್ದರು?’ ಬೆಳಗ್ಗೆ ಊರಿನಿಂದ ಅಣ್ಣನ ಫೋನು ಬಂದಿತ್ತು. ಬಾವಿಯ ಪಂಪು ಕೆಟ್ಟ ಸಂಗತಿಯನ್ನು ಆತನು ಹೇಳತೊಡಗಿದ್ದನು. ನಾನು ‘ಆಯಿತಣ್ಣ, ಆಮೇಲೆ ಮಾಡುತ್ತೇನೆ’ ಎಂದು ಇಟ್ಟುಬಿಟ್ಟಿದ್ದೆ. ಅವನು ಏನು ಹೇಳುತ್ತಿದ್ದನೆಂಬ ಎರಡನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ನಾನು ಕೇಳಿಯೇ ಇರಲಿಲ್ಲ. ಹಿಂದಿನ ಹನ್ನೊಂದು ಪುಟಗಳನ್ನು ತಿರುವಿದೆ. ಅಷ್ಟು ದಿನಗಳಲ್ಲಿ ಅವನು ಮೂರು ಸಲ ಕರೆದಿದ್ದನು; ಮೂರು ಸಲವೂ ನಾನು ಅದೇ ಮಾತು ಹೇಳಿದ್ದೆ.

ಅಚ್ಚಿನ ಪುಸ್ತಕ ಮುಗಿದ ಮೇಲೆ ನಾನು ಮತ್ತೊಂದನ್ನು ಕೊಳ್ಳಲಿಲ್ಲ. ಮೂಲೆಯಂಗಡಿಯಲ್ಲಿ ನೂರು ಪುಟದ ರೂಲ್ ಎಳೆದ ನೋಟುಪುಸ್ತಕವೊಂದನ್ನು ತಂದು, ನನಗೆ ಬೇಕಾದ ಪ್ರಶ್ನೆಗಳನ್ನು ನಾನೇ ಪುಟದ ತಲೆಯಲ್ಲಿ ಬರೆದುಕೊಳ್ಳುತ್ತೇನೆ. ಉತ್ತರ ಬಾಯಿಪಾಠವಾಗತೊಡಗಿದೊಡನೆ ಪ್ರಶ್ನೆಯನ್ನು ಬದಲಿಸುತ್ತೇನೆ. ಒಂದನ್ನು ಮಾತ್ರ ಬದಲಿಸಿಲ್ಲ. ನಿನ್ನೆಯ ಪುಟದಲ್ಲಿ ಅದರ ಕೆಳಗೆ ಹೀಗಿದೆ: ‘ಮಾಡಿದೆ. ರಾತ್ರಿ ಎಂಟೂಕಾಲಿಗೆ. ಅತ್ತಿಗೆಯ ಮಂಡಿನೋವು, ಪಂಪಿನವನಿಗೆ ಕೊಡಬೇಕಾದ ಬಾಕಿ, ಹಿತ್ತಲ ಹಲಸಿನ ಮರ ಈ ವರ್ಷ ಕಾಯಿ ಬಿಡದಿರುವುದು. ಅಣ್ಣ ತಾನೇ ಇಡುವವರೆಗೆ ನಾನು ಇಡಲಿಲ್ಲ.’